ನಿಮ್ಮ ವರ್ಷದ ವಿಕಿರಣದ ಲೆಕ್ಕ ಬರೆಯುವುದು ಹೇಗೆ?

ವಿಕಿರಣ ಅಂದ ಕೂಡಲೇ ಕೈಗಾ ನೆನಪಾಗುತ್ತದೆ, ಅಲ್ವಾ? ಮನೆಖರ್ಚಿನ ಹಾಗೆ ಅದಕ್ಕೂ ಒಂದು ಲೆಕ್ಕ ಬರೆದು ನೋಡಿ. ಒಂದು ಹಾಳೆ, ಪೆನ್ನು ಸಾಕು. ಅಳತೆ, ಮೈಗೆ ತಾಗುವ ವಿಕಿರಣದ ಮಾನವಾದ ಮಿಲಿಸೀವರ್ಟ್‌ನಲ್ಲಿ. ಇಲ್ಲಿರುವುದು ಜಗತ್ತಿನ ಸರಾಸರಿ ಅಂಕಿ. ನಿಮ್ಮ ಮನೆಯದು ಹೆಚ್ಚುಕಡಿಮೆ ಆಗಬಹುದು.

1. ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳಿಗೆ 0.39 ಬರೆಯಿರಿ. ಎತ್ತರ ಏರಿದಷ್ಟೂ ಇದು ಜಾಸ್ತಿ.

2. ನೆಲಕ್ಕೆ 0.48. ಕಲ್ಲು, ಮಣ್ಣಿನಲ್ಲಿ ವಿಕಿರಣ ಸೂಸುವ ಯುರೇನಿಯಂ, ಥೋರಿಯಂ ಚೂರುಪಾರು ಇದ್ದೇ ಇರುತ್ತದೆ. ಗ್ರಾನೈಟ್‌ನಲ್ಲಿ ತುಸು ಹೆಚ್ಚು. ಕೇರಳದ ಚವರ ಕಡಲತೀರದಲ್ಲಂತೂ ಮರಳಿನಲ್ಲೇ ಥೋರಿಯಂ ಇರುವ ಮೊನಜೈಟ್ ಎಂಬ ಖನಿಜ ಇದೆ. ಅಲ್ಲಿನವರು ಈ ಸಾಲಿನಲ್ಲಿ ಹಲವು ಪಟ್ಟು ದೊಡ್ಡ ಅಂಕಿ ಬರೆಯಬೇಕು.

3. ಉಸಿರಿಗೆ 1.26. ಹೌದು, ಪ್ರಕೃತಿಯಿಂದ ಬರುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಇಲ್ಲೇ! ನೆಲದ ಯುರೇನಿಯಂನ ಪರಮಾಣುಗಳು ಒಡೆಯುತ್ತಾ ಹೋಗಿ ನಡುವೆ ರೇಡಾನ್ ಎಂಬ ಅನಿಲ ಆಗುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ನೆಲದ ಬಿರುಕಿನಿಂದ ಮೇಲೆ ಬಂದು, ಮುಚ್ಚಿದ ಕೋಣೆಯಲ್ಲಿ ಸುಮ್ನೆ ಸೇರಿಕೊಳ್ಳುತ್ತದೆ. 3.8 ದಿನಕ್ಕೆ ಅರ್ಧ ಕಡಿಮೆಯಾಗುತ್ತದೆ ನಿಜ, ಆದರೆ ಕೆಳಗಿನಿಂದ ಹೊಸದು ಬರುತ್ತಲೇ ಇರುತ್ತದೆ. ಅದು ಒಡೆದು ಹುಟ್ಟುವ ಕಣಗಳು ಶ್ವಾಸಕೋಶಕ್ಕೆ ಅಂಟಿಕೊಳ್ಳುವುದೇ ತೊಂದರೆ. ಬೀಡಿ, ಸಿಗರೇಟು ಸೇದುವವರಿಗೆ ಕ್ಯಾನ್ಸರ್ ಅಪಾಯ ಇನ್ನೂ ಹೆಚ್ಚು. ಕಿಟಕಿ ತೆಗೆದಿಡಿ, ನೆಲದ ಬಿರುಕಿಗೆ ಸಿಮೆಂಟು ಮೆತ್ತಿಸಿ. ಎಸಿ ಹಾಕಿ ಎಲ್ಲಾ ಮುಚ್ಚಿಕೊಂಡು ಮಲಗುವವರು ಬೆಳಿಗ್ಗೆಯಾದರೂ ಗಾಳಿ ಆಡಲು ಬಿಡಿ.

4. ಊಟಕ್ಕೆ 0.29. ಬಾಳೆಹಣ್ಣಿನ ಪೊಟ್ಯಾಸಿಯಂ ತುಸು ವಿಕಿರಣ ಸೂಸುತ್ತದೆ, ಹಾಗಂತ ಹಣ್ಣು ಬಿಡಬೇಕಿಲ್ಲ. ಅದರ ಪೊಟ್ಯಾಸಿಯಂ ಹೆಚ್ಚಾದರೆ ದೇಹವೇ ಹೊರಗೆ ಹಾಕುತ್ತದೆ.

ಇಲ್ಲಿಗೆ ಕೂಡಿ: 2.42. ಇದಿಷ್ಟೂ ಪ್ರಕೃತಿಯದು.

5. ಈಗ ಮನುಷ್ಯ ಮಾಡಿದ್ದು. ಆಸ್ಪತ್ರೆಯ ಹಳೇ ಫೈಲು ತೆಗೆಯಿರಿ. ಎದೆಯ ಎಕ್ಸ್‌ರೇಗೆ ಹೆಚ್ಚೆಂದರೆ 0.1. ಎದೆಯ ಸಿಟಿ ಸ್ಕ್ಯಾನ್‌ಗೆ ಸುಮಾರು 7! ಒಂದೇ ಸ್ಕ್ಯಾನ್‌, ಸುಮಾರು ಮೂರು ವರ್ಷದ ಪ್ರಕೃತಿಯ ಬಾಬ್ತು. ಡಾಕ್ಟರು ಹೇಳಿದರೆ ಮಾಡಿಸಲೇಬೇಕು, ಅದರಲ್ಲಿ ವಾದವಿಲ್ಲ. ಹೊಸ ಡಾಕ್ಟರಿಗೆ ಹಳೇ ಫಿಲಂ ತೋರಿಸಿದರೆ ಕೆಲವೊಮ್ಮೆ ಇನ್ನೊಂದು ಸ್ಕ್ಯಾನ್ ಮಾಡಿಸುವುದು ತಪ್ಪುತ್ತದೆ.

6. ಹಿಂದಿನ ಅಣುಬಾಂಬ್ ಪರೀಕ್ಷೆಗಳ ಉಳಿಕೆಗೆ 0.005. 1963ರಲ್ಲಿ ಇದೇ 0.11 ಇತ್ತು. ಅಣು ವಿದ್ಯುತ್ತಿಗೆ 0.0002.

ಇಷ್ಟೇನಾ ಅನ್ನಬೇಡಿ. ಸರಾಸರಿಯಲ್ಲಿ ಅವಘಡ ಕಾಣುವುದಿಲ್ಲ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿಗೆ ಹಳೇ ಯಂತ್ರವೊಂದು ಬಂತು. ಒಳಗೆ ಜೋರಾಗಿ ವಿಕಿರಣ ಸೂಸುವ ಕೋಬಾಲ್ಟ್-60 ಇದೆ ಎಂದು ಗೊತ್ತಿಲ್ಲದೆ ಬಿಚ್ಚಿದರು. ಹಲವರು ಆಸ್ಪತ್ರೆ ಸೇರಿದರು, ಒಬ್ಬರು ಸತ್ತರು. ಗುಜರಿಯಲ್ಲಿ ಸೀಸದ ಭಾರದ ಡಬ್ಬಿಯ ಮೇಲೆ ವಿಕಿರಣದ ಮೂರು ರೆಕ್ಕೆಯ ಗುರುತು ಕಂಡರೆ ಮುಟ್ಟಬೇಡಿ. ದೂರ ನಿಂತು 112ಕ್ಕೆ ಫೋನ್ ಮಾಡಿ.