ಹುಟ್ಟು ಹಾಕಿ ಕಲಿತೆ, ಮೋಟಾರ್ ಬೋಟಿನ ಲೈಸೆನ್ಸ್ ಪಡೆದೆ

ಮೂರನೆಯ ಸಲ ಪಾಸಾದೆ. ಮೊದಲೆರಡು ಸಲ ಸುರಿದ ಹಣದ ಮೂರನೇ ಒಂದು ಪಾಲೂ ಈ ಸಲ ಖರ್ಚಾಗಲಿಲ್ಲ. ಮೋಟಾರ್ ಬೋಟಿನ ಪರೀಕ್ಷೆಗೆ ಹುಟ್ಟು ಹಾಕಿ ಅಭ್ಯಾಸ ಮಾಡುತ್ತೇನೆ ಎಂದಾಗ, ತರಬೇತಿಯಲ್ಲಿ ಜೊತೆಗಿದ್ದವರು ಒಬ್ಬರೂ ಒಪ್ಪಿರಲಿಲ್ಲ. ಅವರಲ್ಲಿ ಇಬ್ಬರು ಈಗ "ಹೇಗೆ ಮಾಡಿದಿರಿ?" ಎಂದು ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಲಿಖಿತ, ಪ್ರಾಯೋಗಿಕ ಎರಡೂ ಇರುವ ಪರೀಕ್ಷೆ. ಮೊದಲ ಸಲ ಲಿಖಿತದಲ್ಲೇ ಹೋಯಿತು. ತಪ್ಪು ನನ್ನದೇ. ಸಿಕ್ಕ ವಿಡಿಯೋಗಳನ್ನೆಲ್ಲ ನೋಡಿ ಬಾಯಿಪಾಠ ಮಾಡಿದ್ದೆ. ಅವುಗಳಲ್ಲಿ ಅರ್ಧದಷ್ಟು ಬಿ ವಲಯದವು ಎಂಬುದನ್ನು ಗಮನಿಸಿರಲಿಲ್ಲ. ನೀರಿನಲ್ಲಿ ದಾರಿ ತೋರುವ ತೇಲುಗುರುತುಗಳ, ಅಂದರೆ ಬೋಯ್‌ಗಳ, ಬಣ್ಣದ ನಿಯಮ ಜಗತ್ತಿನಲ್ಲಿ ಎ, ಬಿ ಎಂದು ಎರಡು ವಲಯಗಳಿಗೆ ಬೇರೆ ಬೇರೆ. ಬಂದರಿನ ಒಳಕ್ಕೆ ಬರುವಾಗ ಕೆಂಪು ಬೋಯ್ ಎ ವಲಯದಲ್ಲಿ ಎಡಕ್ಕಿರಬೇಕು, ಬಿ ವಲಯದಲ್ಲಿ ಬಲಕ್ಕೆ. ಅಮೆರಿಕ ಖಂಡಗಳು, ಜಪಾನ್, ಕೊರಿಯಾ, ಫಿಲಿಪ್ಪೀನ್ಸ್ ಬಿ ವಲಯ. ಉಳಿದ ಹೆಚ್ಚಿನ ಜಗತ್ತೆಲ್ಲ ಎ. ನಾನು ಬರೆದದ್ದು ಎ ವಲಯದ ಪರೀಕ್ಷೆ. ಬೋಯ್‌ಗಳ ಐದಾರು ಪ್ರಶ್ನೆಗಳಿಗೆ ಪೂರ್ಣ ವಿಶ್ವಾಸದಿಂದ ಉಲ್ಟಾ ಉತ್ತರ ಬರೆದು ಬಂದೆ. ಶುಲ್ಕ ಹೋಯಿತು.

ಎರಡನೆಯ ಸಲ ಲಿಖಿತ ದಾಟಿತು, ನೀರಿನಲ್ಲಿ ಕೆಟ್ಟಿತು. ನೀರಿಗೆ ಬಿದ್ದವರನ್ನು ಎತ್ತುವ ಪರೀಕ್ಷೆಗೆ ಒಂದು ಬೊಂಬೆ ಎಸೆದಿದ್ದರು. ನಾನು ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಅದರತ್ತ ಹೋದೆ. ಗಾಳಿ ಬೋಟನ್ನು ತಳ್ಳುತ್ತಲೇ ಇತ್ತು. ಬೊಂಬೆ ಮುಂಬದಿಯಿಂದ ಜಾರಿ ಹಿಂಬದಿಗೆ ಬಂತು, ನನ್ನ ಕೈ ಇನ್ನೂ ಥ್ರಾಟಲ್ ಮೇಲೆ, ಗೇರ್ ಮುಂದಕ್ಕೇ ಇತ್ತು. ಪ್ರೊಪೆಲ್ಲರ್ ಹತ್ತಿರ ಆ ಕಿತ್ತಳೆ ಬಣ್ಣದ ಜಾಕೆಟ್ ಮುಳುಗಿ ಎದ್ದದ್ದನ್ನು ಇವತ್ತಿಗೂ ಮರೆತಿಲ್ಲ. ಅದು ಮನುಷ್ಯನಾಗಿದ್ದರೆ? ಪರೀಕ್ಷಕರು ಮಾತಾಡದೆ ಕೀಲಿ ತೆಗೆದರು. ಅವರು ಮಾಡಿದ್ದು ಸರಿ.

ಮನೆಗೆ ಬಂದು ಲೆಕ್ಕ ಹಾಕಿದೆ. ಖರ್ಚಿನ ಮುಕ್ಕಾಲು ಪಾಲು ಬೋಟಿನ ಬಾಡಿಗೆಗೆ, ಇಂಧನಕ್ಕೆ, ತರಬೇತುದಾರರ ಗಂಟೆಗಳಿಗೆ ಹೋಗಿತ್ತು. ಆ ಗಂಟೆಗಳಲ್ಲಿ ಹೆಚ್ಚಿನವು ಬಯಲು ನೀರಿನಲ್ಲಿ ನೇರವಾಗಿ ಓಡಿಸಿದ್ದಕ್ಕೆ. ಅದರಲ್ಲಿ ಕಲಿಯುವುದೇನೂ ಇಲ್ಲ. ನಾನು ಸೋತದ್ದೆಲ್ಲ ಕೊನೆಯ ಹತ್ತು ಮೀಟರಿನಲ್ಲಿ, ಎಂಜಿನ್ ಬಹುತೇಕ ಕೆಲಸ ಮಾಡದ ಜಾಗದಲ್ಲಿ. ಔಟ್‌ಬೋರ್ಡ್, ಅಂದರೆ ಬೋಟಿನ ಹಿಂಬದಿಗೆ ಹೊರಗೆ ಕೂರಿಸುವ ಎಂಜಿನ್, ನ್ಯೂಟ್ರಲ್‌ಗೆ ಬಂದರೆ ಸ್ಟೀರಿಂಗ್ ಕೂಡ ಸತ್ತಂತೆಯೇ. ಆಮೇಲೆ ಬೋಟನ್ನು ಒಯ್ಯುವುದು ಗಾಳಿ ಮತ್ತು ಸೆಳೆತ. ಅವೆರಡನ್ನು ಕಲಿಯಲು ಎಂಜಿನ್ ಯಾಕೆ ಬೇಕು?

ಮೋಟಾರ್ ಬೋಟಿನ ಒಂದು ಗಂಟೆಯ ಬಾಡಿಗೆಗೆ ಹುಟ್ಟು ಹಾಕುವ ದೋಣಿ ಎಂಟು ಗಂಟೆ ಸಿಗುತ್ತಿತ್ತು. ಸುಮಾರು ನಲವತ್ತು ಗಂಟೆ ಹಾಕಿದೆ. ಮೊದಲ ವಾರ ಅಂಗೈ ತುಂಬ ಬೊಬ್ಬೆ. ಗಾಳಿ ಇಲ್ಲದ ದಿನ ಹೋಗುತ್ತಲೇ ಇರಲಿಲ್ಲ, ಗಾಳಿ ಬೇಕಿತ್ತು.

ಹುಟ್ಟು ಹಾಕುವವರ ಮುಖ ಹಿಂದಕ್ಕಿರುತ್ತದೆ. ಅದೇ ಲಾಭ. ದಡದ ಒಂದು ಕಂಬವನ್ನೂ ಅದರ ಹಿಂದಿನ ಒಂದು ಮರವನ್ನೂ ಒಂದೇ ಗೆರೆಯಲ್ಲಿಟ್ಟು ದೋಣಿ ನಡೆಸಿದೆ. ಕಂಬ ಮರದಿಂದ ಬೆರಳಗಲ ಸರಿದರೂ ಸಾಕು, ದೋಣಿ ಅಡ್ಡಕ್ಕೆ ಜಾರುತ್ತಿದೆ ಎಂದು ಗೊತ್ತಾಗುತ್ತದೆ. ಹದಿನೈದನೆಯ ಗಂಟೆಯ ಹೊತ್ತಿಗೆ ಕಣ್ಣಿಗಿಂತ ಮೊದಲು ಸೊಂಟಕ್ಕೆ ತಿಳಿಯುತ್ತಿತ್ತು. ನಂತರ ಜೆಟ್ಟಿಯಿಂದ ದೂರದಲ್ಲೇ ಹುಟ್ಟುಗಳನ್ನು ಒಳಗೆಳೆದು, ಉಳಿದ ವೇಗದಲ್ಲೇ ಬಂದು ನಿಲ್ಲುವ ಅಭ್ಯಾಸ. ಮೊದಲು ಮೂರು ಮೀಟರ್, ಆಮೇಲೆ ಐದು, ಕೊನೆಗೆ ಎಂಟು. ಎಷ್ಟು ದೂರದಲ್ಲಿ ಎಳೆಯಬೇಕೆಂದು ನಾನು ನೀರಿನ ಮೇಲೆ ನೋಡುವ ಒಂದು ಗುರುತಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಅವರವರ ದೋಣಿಯಲ್ಲಿ ಅವರವರೇ ಕಂಡುಕೊಳ್ಳಬೇಕಾದದ್ದು ಅದು.

ನೀರು ತುಂಬಿದ ಕ್ಯಾನಿಗೆ ಹಳೆಯ ಲೈಫ್ ಜಾಕೆಟ್ ಕಟ್ಟಿ ನನ್ನದೇ ಬೊಂಬೆ ಮಾಡಿಕೊಂಡೆ. ಗಾಳಿಗೆ ಎದುರಾಗಿ ಬಂದು, ಕೊನೆಯಲ್ಲಿ ಸುಮ್ಮನಾಗಿ, ಕೈಗೆ ಸಿಗುವಂತೆ ನಿಲ್ಲುವುದು. ಅರವತ್ತು ಸಲವಾದರೂ ಎತ್ತಿರಬೇಕು.

ಈ ನಡುವೆ ಬೋಟುಗಳು ರಾತ್ರಿ ಹೊತ್ತಿಸುವ ದೀಪಗಳ ಹುಚ್ಚು ಹಿಡಿಯಿತು. ರಟ್ಟಿನ ಪೆಟ್ಟಿಗೆಯೊಳಗೆ ಟಾರ್ಚ್‌ಗಳನ್ನಿಟ್ಟು, ಕೋನಮಾಪಕದಿಂದ ಅಳೆದು ಕಿಂಡಿ ಕತ್ತರಿಸಿದೆ: ಬಲಕ್ಕೆ ಹಸಿರು, ಎಡಕ್ಕೆ ಕೆಂಪು, ತಲಾ 112.5 ಡಿಗ್ರಿ, ಹಿಂದೆ ಬಿಳಿ 135. ಕೂಡಿದರೆ ಸರಿಯಾಗಿ 360. ಪೆಟ್ಟಿಗೆಯನ್ನು ತಿರುಗುವ ಸ್ಟೂಲ್ ಮೇಲಿಟ್ಟು ಕೋಣೆ ಕತ್ತಲು ಮಾಡಿ ನೆಲದ ಮೇಲೆ ಕುಳಿತೆ. ಮಗಳು ಮನಬಂದಂತೆ ತಿರುಗಿಸುವುದು, ಆ ಬೋಟು ಯಾವ ಕಡೆ ಹೊರಟಿದೆ ಎಂದು ನಾನು ಹೇಳುವುದು. ವಾರದೊಳಗೆ ತಪ್ಪೇ ಬರಲಿಲ್ಲ. ಅಡ್ಡ ಹಾಯುವ ಬೋಟು ನನಗೆ ಕೆಂಪು ತೋರಿದರೆ ಅದು ನನ್ನ ಬಲದಲ್ಲಿದೆ, ದಾರಿ ಬಿಡಬೇಕಾದದ್ದು ನಾನು. ಸಮುದ್ರದಲ್ಲಿ ಡಿಕ್ಕಿ ತಪ್ಪಿಸುವ 1972ರ ಅಂತಾರಾಷ್ಟ್ರೀಯ ನಿಯಮಾವಳಿಯ 15ನೇ ನಿಯಮವನ್ನು ಆಮೇಲೆ ಬಾಯಿಪಾಠ ಮಾಡಬೇಕಾಗಲಿಲ್ಲ. ಬಲೆ ಎಳೆಯುವ ಮೀನುಗಾರಿಕೆ ಬೋಟಿನ, ಟ್ರಾಲರ್‌ನ, ಬಿಳಿ ದೀಪದ ಮೇಲಿನ ಹಸಿರು ದೀಪವನ್ನೂ ಸೇರಿಸಲು ಹೋಗಿ ಎರಡು ಟಾರ್ಚ್ ಸುಟ್ಟುಕೊಂಡೆ, ಅದನ್ನು ಅಲ್ಲಿಗೇ ಬಿಟ್ಟೆ.

ಮೋಟಾರ್ ಬೋಟು ಹತ್ತಿದ್ದು ಕೊನೆಯ ಎರಡು ವಾರ, ಒಟ್ಟು ಆರು ಗಂಟೆ. ಅಷ್ಟೂ ಜೆಟ್ಟಿಯ ಬಳಿಯೇ. ಒಂದು ಎಚ್ಚರಿಕೆ: ಹುಟ್ಟಿನ ದೋಣಿ ಹಗುರ, ಬೇಗ ನಿಲ್ಲುತ್ತದೆ, ಮೋಟಾರ್ ಬೋಟಿನ ತೂಕ ಹಾಗೆ ನಿಲ್ಲುವುದಿಲ್ಲ. ಮೊದಲ ದಿನ ಎರಡು ಸಲ ಜೆಟ್ಟಿಗೆ ತಾಗಿಸಿದೆ. ಬೋಟಿನ ಬದಿಗೆ ಕಟ್ಟಿದ ಮೆತ್ತೆ, ಫೆಂಡರ್, ಕಾಪಾಡಿತು.

ಪರೀಕ್ಷೆಯ ದಿನ ಜೆಟ್ಟಿಯಿಂದ ಹೊರಕ್ಕೆ ತಳ್ಳುವ ಗಾಳಿ. ಇಬ್ಬರು ದಿನ ಮುಂದೂಡಬಹುದೇ ಎಂದು ಕೇಳುತ್ತಿದ್ದರು. ಮೊದಲ ಸರದಿ ನನಗೆ ಕೊಡಿ ಎಂದೆ. ಓರೆಯಾಗಿ ಬಂದು, ನ್ಯೂಟ್ರಲ್‌ಗೆ ಹಾಕಿ, ಮೂತಿ ಕಂಬದ ಹತ್ತಿರ ಬಂದೊಡನೆ ಸ್ಟೀರಿಂಗ್ ಪೂರ್ತಿ ಜೆಟ್ಟಿಯ ಕಡೆಗೆ ತಿರುಗಿಸಿ, ಒಂದು ಉಸಿರಿನಷ್ಟು ರಿವರ್ಸ್. ಹಿಂಬದಿ ತಾನಾಗಿ ಒಳಕ್ಕೆ ಬಂತು, ಹಗ್ಗ ಎಸೆಯಬೇಕಾಗಲಿಲ್ಲ, ಕೈಯಲ್ಲೇ ಸುತ್ತಿದೆ. ಬೊಂಬೆಯನ್ನು ಒಂದೇ ಸುತ್ತಿನಲ್ಲಿ, ಎಂಜಿನ್ ಆರಿಸಿ ಎತ್ತಿದೆ.

"ಎಷ್ಟು ಗಂಟೆ ಅಭ್ಯಾಸ ಮಾಡಿದ್ದೀರಿ?" ಎಂದು ಪರೀಕ್ಷಕರು ಕೇಳಿದರು. "ಎಂಜಿನ್‌ನಲ್ಲಿ ಆರು" ಎಂದೆ. ಅವರು ನನ್ನ ಅಂಗೈ ತೋರಿಸಲು ಹೇಳಿದರು, ನೋಡಿದರು, ಸಹಿ ಹಾಕಿದರು.