ಡೈನಮೋ ಇಳಿಸಿ, ಅಲ್ಟರ್ನೇಟರ್ ಏರಿಸಿ

ಅಣ್ಣಿಗೇರಿ, ನವಲಗುಂದ, ಮುಳಗುಂದದ ಎರೆ ಹೊಲಗಳಲ್ಲಿ ಇವತ್ತಿಗೂ ಮೂವತ್ತು ನಲವತ್ತು ವರ್ಷದ ಟ್ರ್ಯಾಕ್ಟರ್‌ಗಳು ದುಡಿಯುತ್ತಿವೆ. ಮ್ಯಾಸಿ 1035, ಮಹೀಂದ್ರಾ ಬಿ-275, ಎಚ್‌ಎಂಟಿ 2511. ಎಂಜಿನ್ ಗಟ್ಟಿ ಇರುತ್ತದೆ, ಗೇರೂ ಗಟ್ಟಿ. ಸೋಲುವುದು ಕರೆಂಟಿನಲ್ಲಿ. "ಲೈಟ್ ಹಚ್ಚಿದ್ರ ಆಂಪಿಯರ್ ಮೀಟರಿನ ಮುಳ್ಳು ಮೈನಸ್ಸಿಗೆ ಬೀಳತೈತ್ರಿ" ಎಂಬ ದೂರು ನಮ್ಮ ಕಡೆ ಯಾವ ಗ್ಯಾರೇಜಿಗೆ ಹೋದರೂ ಕಿವಿಗೆ ಬೀಳುತ್ತದೆ. ಬೆಳಗ್ಗೆ ಸೆಲ್ಫ್ ಎತ್ತುವುದಿಲ್ಲ. ನಾಲ್ಕು ಜನರನ್ನು ಕೂಗಿ ತಳ್ಳಿಸಬೇಕು, ಇಲ್ಲ ರಾತ್ರಿಯೇ ಇಳಿಜಾರು ನೋಡಿ ನಿಲ್ಲಿಸಬೇಕು. ನಮ್ಮ ಮನೆಯ ಗಾಡಿ ಮೂರು ವರ್ಷ ಕೆರೆ ಏರಿಯ ಮೇಲೆಯೇ ಮಲಗಿತ್ತು.

ಹಳೇ ಟ್ರ್ಯಾಕ್ಟರಿಗೆ ದುಡ್ಡು ಹಾಕುವವರು ಬಣ್ಣ, ಹಾಡಿನ ಟೇಪು, ಹಾರ್ನು ಅಂತ ಶುರು ಮಾಡುತ್ತಾರೆ. ನನ್ನ ಕೇಳಿದರೆ ಮೊದಲು ಡೈನಮೋ ತೆಗೆದು ಅಲ್ಟರ್ನೇಟರ್ ಹಾಕಿ. ಎರಡರ ಕೆಲಸವೂ ಒಂದೇ, ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸಿ ಬ್ಯಾಟರಿ ಚಾರ್ಜ್ ಮಾಡುವುದು. ಆ ಕಾಲದ ಡೈನಮೋ ಜೋರಾಗಿ ತಿರುಗಿದರೂ ಕೊಡುವುದು ಹತ್ತು ಹನ್ನೊಂದು ಆಂಪಿಯರ್. 55 ವ್ಯಾಟಿನ ಎರಡು ಹೆಡ್‌ಲೈಟೇ ಒಂಬತ್ತು ತಿನ್ನುತ್ತವೆ. ಎಂಜಿನ್ ನಿಧಾನಕ್ಕೆ ಬಿಟ್ಟರೆ ಡೈನಮೋ ಏನೂ ಕೊಡುವುದಿಲ್ಲ. ಸಣ್ಣ ಅಲ್ಟರ್ನೇಟರ್ ಕೂಡ 35 ಆಂಪಿಯರ್ ಕೊಡುತ್ತದೆ, ಎಂಜಿನ್ ನಿಧಾನಕ್ಕಿದ್ದಾಗಲೂ ಒಂದಿಷ್ಟು ಚಾರ್ಜ್ ಮಾಡುತ್ತದೆ.

ಖರ್ಚಿಗೆ ಮೊದಲು ಒಂದು ಪರೀಕ್ಷೆ

ಮಲ್ಟಿಮೀಟರ್ ಹಿಡಿಯಿರಿ. ಎಂಜಿನ್ ಬಂದ್ ಇದ್ದಾಗ ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ 13.8ರ ಮೇಲೆ ಏರಬೇಕು. ಏರದಿದ್ದರೆ ತಕ್ಷಣ ಡೈನಮೋನ ಬೈಯಬೇಡಿ. ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ, ಹಸಿರು ಹುಡಿ ಕೂತಿದೆಯಾ ನೋಡಿ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆಯಿರಿ, ಒಣಗಿಸಿ ವ್ಯಾಸಲಿನ್ ಸವರಿ. ಬ್ಯಾಟರಿಯಿಂದ ಗಾಡಿಯ ಬಾಡಿಗೆ ಬರುವ ಅರ್ಥಿನ ಪಟ್ಟಿ ಕೂರುವ ಜಾಗವನ್ನು ಕಬ್ಬಿಣ ಹೊಳೆಯುವ ಹಾಗೆ ಉಜ್ಜಿ. ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ, ದುಡ್ಡೂ ಉಳಿಯುತ್ತದೆ.

ಪ್ಲಸ್ಸೋ ಮೈನಸ್ಸೋ

ಇಲ್ಲಿ ಸ್ವಲ್ಪ ನಿಧಾನ. ಬ್ರಿಟಿಷ್ ವಿನ್ಯಾಸದ ಹಳೇ ಗಾಡಿಗಳಲ್ಲಿ ಬ್ಯಾಟರಿಯ ಪ್ಲಸ್ ವೈರು ಬಾಡಿಗೆ ಅರ್ಥ್ ಆಗಿರುವುದು ಉಂಟು. ಈಗಿನ ಅಲ್ಟರ್ನೇಟರಿಗೆ ಮೈನಸ್ಸೇ ಅರ್ಥ್ ಆಗಬೇಕು. ನಾನು ಮೊದಲ ಸಲ ಇದನ್ನು ನೋಡದೆ ಹಳೇ ವೈರು ಬಂದ ಹಾಗೇ ಬ್ಯಾಟರಿಗೆ ಸಿಕ್ಕಿಸಿದೆ. ಒಂದು ಸಣ್ಣ ಚಟ್ ಸದ್ದು, ಸುಟ್ಟ ವಾಸನೆ. ಹೊಸ ಅಲ್ಟರ್ನೇಟರಿನ ಡಯೋಡ್ ಒಂದೇ ಕ್ಷಣದಲ್ಲಿ ಹೋಯಿತು. ಅಪ್ಪ ಏನೂ ಅನ್ನಲಿಲ್ಲ, ಕಟ್ಟೆ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಾ ನೋಡುತ್ತಿದ್ದರು. ಬೈದಿದ್ದರೇ ಚೆನ್ನಾಗಿತ್ತು.

ನಿಮ್ಮದು ಪ್ಲಸ್ ಅರ್ಥ್ ಆಗಿದ್ದರೆ ಬ್ಯಾಟರಿ ತಿರುಗಿಸಿ ಕೂಡಿಸಿ, ಮೈನಸ್ಸನ್ನು ಬಾಡಿಗೆ ಕೊಡಿ. ಆಂಪಿಯರ್ ಮೀಟರಿನ ಎರಡು ವೈರು ಅದಲುಬದಲು ಮಾಡಿ. ಸೆಲ್ಫ್ ಮೋಟರಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಹಾಡಿನ ಟೇಪು ಹಾಕಿಸಿದ್ದರೆ ಅದರ ವೈರು ಮೊದಲೇ ಬಿಚ್ಚಿಡಿ.

ಇಳಿಸುವುದು, ಏರಿಸುವುದು

ಬ್ಯಾಟರಿ ಬಿಚ್ಚುವಾಗ ಅರ್ಥ್ ವೈರು ಮೊದಲು, ಹಾಕುವಾಗ ಅದು ಕೊನೆಗೆ. ಪಾನಾ ಜಾರಿ ಬಾಡಿಗೆ ತಾಗಿದರೂ ಕಿಡಿ ಹಾರಬಾರದಲ್ವಾ, ಅದಕ್ಕೆ.

ಡೈನಮೋದಲ್ಲಿ ಎರಡು ವೈರು ಇರುತ್ತವೆ. ದಪ್ಪನೆಯದು ಡಿ, ಸಣ್ಣದು ಎಫ್. ಎರಡೂ ಡೈನಮೋದ ಚಾರ್ಜನ್ನು ಹದದಲ್ಲಿಡುವ ಕಟೌಟ್ ಡಬ್ಬಿಗೆ ಹೋಗುತ್ತವೆ. ಆ ಡಬ್ಬಿಗೆ ಇನ್ನು ಕೆಲಸವಿಲ್ಲ. ಹಳೇ ವೈರುಗಳ ತುದಿಗೆ ಟೇಪ್ ಸುತ್ತಿ ಬಿಡಿ. ಕೆಲವು ಗಾಡಿಗಳಲ್ಲಿ ಆರ್‌ಪಿಎಂ ಮೀಟರಿನ ಕೇಬಲ್ ಡೈನಮೋದ ಹಿಂಬದಿಗೇ ಕೂತಿರುತ್ತದೆ. ಹಾಗಿದ್ದರೆ ಮೀಟರ್ ಬೇಕೋ ಬೇಡವೋ ಅಂತ ಮೊದಲೇ ತೀರ್ಮಾನ ಮಾಡಿ. ಡೈನಮೋ ತೆಗೆದ ಮೇಲೆ ಅದು ತಿರುಗುವುದಿಲ್ಲ.

ಅಲ್ಟರ್ನೇಟರ್ ಕೂಡಿಸುವಾಗ ನೋಡಬೇಕಾದದ್ದು ಪುಲ್ಲಿಯ ಸಾಲು. ಕ್ರ್ಯಾಂಕ್ ಪುಲ್ಲಿ, ಫ್ಯಾನ್ ಪುಲ್ಲಿ, ಅಲ್ಟರ್ನೇಟರ್ ಪುಲ್ಲಿ ಮೂರೂ ಒಂದೇ ಗೆರೆಯಲ್ಲಿರಬೇಕು. ಕಣ್ಣಳತೆ ಸಾಲದು, ಉದ್ದನೆಯ ನೆಟ್ಟಗಿನ ಪಟ್ಟಿ ಹಿಡಿಯಿರಿ. ಹಿಂದೆ ಮುಂದೆ ಇದ್ದರೆ ಬೋಲ್ಟಿಗೆ ವಾಷರ್ ಹಾಕಿ ಸರಿಮಾಡಿ. ಡೈನಮೋದ ದೊಡ್ಡ ಪುಲ್ಲಿಯನ್ನು ಇದಕ್ಕೆ ಹಾಕಬೇಡಿ. ಅಲ್ಟರ್ನೇಟರ್ ಜೋರಾಗಿ ತಿರುಗಬೇಕು, ಅದಕ್ಕೆ ಸಣ್ಣದೇ ಸರಿ. ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿದರೆ ಬೆರಳಿನ ದಪ್ಪದಷ್ಟು ಒಳಗೆ ಹೋದರೆ ಸಾಕು. ಬಿಗಿ ಜಾಸ್ತಿ ಆದರೆ ಬೇರಿಂಗ್ ಸಾಯುತ್ತದೆ.

ವೈರು

ಅಲ್ಟರ್ನೇಟರಿನಿಂದ ಹೊರಡುವ ದಪ್ಪನೆಯ ಬಿ ಪ್ಲಸ್ ವೈರು ಬ್ಯಾಟರಿಯಿಂದ ಸೆಲ್ಫಿಗೆ ಬರುವ ನಟ್ಟಿಗೆ ಹೋಗಬೇಕು. ಕನಿಷ್ಠ 6 ಚದರ ಮಿ.ಮೀ. ತಾಮ್ರದ ವೈರು ತಗೊಳ್ಳಿ, ತುದಿಗೆ ಲಗ್ (ನಟ್ಟಿಗೆ ಕೂರುವ ಬಳೆ) ಒತ್ತಿಸಿ. ಸುಮ್ನೆ ತಿರುಚಿ ಸಿಕ್ಕಿಸುವುದು ಬೇಡ. ಹಳೇ ಆಂಪಿಯರ್ ಮೀಟರ್ ಮೇಲೆ 30 ಅಂತ ಇದ್ದರೆ ಅದರೊಳಗಿಂದ ಇಡೀ ಚಾರ್ಜ್ ಹರಿಸಬೇಡಿ, ಸುಟ್ಟೀತು. ಅದರ ಬದಲು ಒಂದು ವೋಲ್ಟ್ ಮೀಟರ್ ಹಾಕಿ.

ಇನ್ನೊಂದು ಸಣ್ಣ ವೈರು, ಎಲ್ ಅಂತ ಬರೆದದ್ದು, ಕೆಂಪು ದೀಪದ ಮೂಲಕ ಚಾವಿಯ ಸ್ವಿಚ್ಚಿಗೆ. ಈ ದೀಪ ಬರೀ ಸೂಚನೆಗಲ್ಲ. ಅದರೊಳಗಿಂದ ಬರುವ ಕರೆಂಟೇ ಅಲ್ಟರ್ನೇಟರನ್ನು ಎಬ್ಬಿಸುವುದು. ಹಾಗಾಗಿ ಅಲ್ಲಿ 2-3 ವ್ಯಾಟಿನ ಸಾದಾ ಬಲ್ಬೇ ಇರಲಿ. ಚಂದ ಕಾಣುತ್ತದೆ ಅಂತ ಎಲ್‌ಇಡಿ ಹಾಕಿದರೆ ಎಷ್ಟೋ ಸಲ ಚಾರ್ಜೇ ಆಗುವುದಿಲ್ಲ. ಅಲ್ಟರ್ನೇಟರ್ ಕೆಟ್ಟಿದೆ ಅಂತ ಅಂಗಡಿಗೆ ಓಡುತ್ತೀರಿ.

ಎಂಜಿನ್ ಶುರು ಮಾಡಿ ಸ್ವಲ್ಪ ರೇಸ್ ಕೊಡಿ. ಕೆಂಪು ದೀಪ ಆರಬೇಕು. ಮೀಟರ್ 13.8ರಿಂದ 14.4ರ ನಡುವೆ ನಿಂತರೆ ಗೆದ್ದಿರಿ. 14.8 ದಾಟಿದರೆ ಒಳಗಿನ ರೆಗ್ಯುಲೇಟರ್ ಸರಿಯಿಲ್ಲ, ಬ್ಯಾಟರಿ ನೀರು ಕುದಿಯುವ ಮುಂಚೆ ಬಂದ್ ಮಾಡಿ.

ಡೈನಮೋ ಕಾಲದ ಒಂದು ಚಾಳಿ ಇದೆ. ಎಂಜಿನ್ ಓಡುವಾಗಲೇ ಬ್ಯಾಟರಿ ವೈರು ಕಿತ್ತು "ನೋಡ್ರಿ, ಲೈಟ್ ಬಂದ್ ಆಗಲಿಲ್ಲ, ಚಾರ್ಜ್ ಐತಿ" ಅನ್ನುವುದು. ಅಲ್ಟರ್ನೇಟರಿಗೆ ಇದು ವಿಷ. ವೋಲ್ಟ್ ಒಮ್ಮೆಲೇ ಏರಿ ಡಯೋಡ್ ಹಾರುತ್ತದೆ. ಯಾವ ಮಿಸ್ತ್ರಿ ಹೇಳಿದರೂ ಹಾಗೆ ಮಾಡಲು ಬಿಡಬೇಡಿ. ಹುಕ್ಕೋ ಮಡಗಾರ್ಡೋ ವೆಲ್ಡಿಂಗ್ ಮಾಡಿಸುವಾಗಲೂ ಅಷ್ಟೇ, ಎಂಜಿನ್ ಬಂದ್ ಮಾಡಿ ಬ್ಯಾಟರಿ ಮತ್ತು ಅಲ್ಟರ್ನೇಟರ್ ವೈರು ಬಿಚ್ಚಿಟ್ಟೇ ಮುಂದಿನ ಕೆಲಸ.

ಬೆಳಕು

ಕರೆಂಟ್ ಬಂದ ಮೇಲೂ ಹೆಡ್‌ಲೈಟ್ ಮಂಕಾಗಿದ್ದರೆ ತಪ್ಪು ಹಳೇ ಸ್ವಿಚ್ಚಿನದು. ನಾಲ್ಕು ಕಾಲಿನ ರಿಲೇ ಒಂದು ಹಾಕಿ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್ಚು. ಬ್ಯಾಟರಿಯಿಂದ 20 ಆಂಪಿಯರ್ ಫ್ಯೂಸ್ ದಾಟಿ 30ಕ್ಕೆ, 87ರಿಂದ ಲೈಟಿಗೆ, ಹಳೇ ಸ್ವಿಚ್ಚಿನ ವೈರು 86ಕ್ಕೆ, 85 ಅರ್ಥಿಗೆ. ಈ ನಂಬರುಗಳು ರಿಲೇ ಕಾಲಿನ ಪಕ್ಕದಲ್ಲೇ ಅಚ್ಚಾಗಿರುತ್ತವೆ. ರಾತ್ರಿ ರೆಂಟೆ ಹೊಡೆಯುವವರು ಹಿಂದೆ 18 ವ್ಯಾಟಿನ ಒಂದು ಎಲ್‌ಇಡಿ ಹಾಕಿಸಿ. ಅದು ತಿನ್ನುವುದು ಒಂದೂವರೆ ಆಂಪಿಯರ್, ಸಾಲು ಕೊನೆವರೆಗೂ ಕಾಣುತ್ತದೆ.

ಟ್ರೇಲರಿನ ಹಿಂದಿನ ದೀಪಕ್ಕೆ ಪ್ಲಗ್ಗು ಸಾಕೆಟ್ಟು ಹಾಕಿಸುವುದನ್ನು ಮುಂದೂಡಬೇಡಿ. ಮೆಣಸಿನಕಾಯಿ ಚೀಲ ತುಂಬಿ ರಾತ್ರಿಯೇ ಬ್ಯಾಡಗಿಗೆ ಹೊರಟ ಟ್ರೇಲರ್, ಹಿಂದಿನಿಂದ ಬರುವ ಲಾರಿಯವನಿಗೆ ಕಾಣುವುದು ತೀರಾ ಹತ್ತಿರ ಬಂದ ಮೇಲೆ. ದೀಪದ ಜೊತೆ ಹೊಳೆಯುವ ಟೇಪನ್ನೂ ಅಂಟಿಸಿ. ಹಿಂದೆ ಕೆಂಪು, ಬದಿಗೆ ಹಳದಿ, ಮುಂದೆ ಬಿಳಿ. ಮೊದಲು ಹಲಗೆಯ ಮಣ್ಣು ಎಣ್ಣೆ ತೊಳೆಯಿರಿ, ಇಲ್ಲದಿದ್ದರೆ ಒಂದೇ ಮಳೆಗೆ ಕಿತ್ತು ಬರುತ್ತದೆ.

ಹತ್ತು ತಾಸು ಓಡಿಸಿದ ಮೇಲೆ ಬೆಲ್ಟನ್ನು ಮತ್ತೊಮ್ಮೆ ಒತ್ತಿ ನೋಡಿ. ಹೊಸ ಬೆಲ್ಟು ಹಿಗ್ಗುತ್ತದೆ. ಇಳಿಸಿದ ಡೈನಮೋ, ಕಟೌಟ್ ಡಬ್ಬಿ ಎರಡನ್ನೂ ಗುಜರಿಗೆ ಹಾಕಬೇಡಿ. ಚೀಲದಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿ. ಹಿಂಗಾರಿ ಬಿತ್ತನೆಯ ನಡುವೆ ಅಲ್ಟರ್ನೇಟರ್ ಕೈಕೊಟ್ಟು, ಪೇಟೆಯಲ್ಲಿ ಸಾಮಾನು ಸಿಗದಿದ್ದರೆ ಅವತ್ತೇ ಮತ್ತೆ ಹಾಕಿಕೊಳ್ಳಬಹುದು. ಆದರೆ ಪ್ಲಸ್ ಮೈನಸ್ ಬದಲಿಸಿದ್ದರೆ ಡೈನಮೋದ ಪ್ಲಸ್ ಮೈನಸ್ಸನ್ನೂ ಇಲೆಕ್ಟ್ರಿಷಿಯನ್ ಹತ್ತಿರ ಬದಲಿಸಿಕೊಂಡೇ ಹಾಕಬೇಕು. ಆ ಮಾತನ್ನು ಚೀಟಿಯಲ್ಲಿ ಬರೆದು ಚೀಲದೊಳಗೇ ಇಡಿ.