ಪಾಪುವಿಗೂ ದೊಡ್ಡದಕ್ಕೂ ಒಟ್ಟಿಗೆ ಹಾಲು ಕುಡಿಸೋದು ಹೇಗೆ

ಎರಡನೇ ಸಲ ಬಸುರಿ ಅಂತ ಗೊತ್ತಾದ ಕೂಡಲೇ ಮನೆಯಲ್ಲಿ ಹೇಳುವ ಮೊದಲ ಮಾತು, "ದೊಡ್ಡದಕ್ಕೆ ಹಾಲು ಬಿಡಿಸು". ಬೇವಿನ ಸೊಪ್ಪು ಅರೆದು ಹಚ್ಚು ಅಂತಲೂ ಹೇಳುತ್ತಾರೆ. ಬಿಡಿಸುವ ಮನಸ್ಸು ನಿಮಗೇ ಇದ್ದರೆ ಬಿಡಿಸಿ, ಅದು ಬೇರೆ ವಿಷಯ. ಆದರೆ ಪಾಪು ಬರುತ್ತದೆ ಅಂತ ಬಿಡಿಸಲೇಬೇಕಿಲ್ಲ. ಮಕ್ಕಳು ಕುಡಿದಷ್ಟೂ ಹಾಲು ಬರುತ್ತದೆ. ಎರಡು ವರ್ಷ, ಅದಕ್ಕೂ ಮೇಲೆ ಎದೆಹಾಲು ಕೊಡಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಬಸುರಿಯಲ್ಲಿ ರಕ್ತ ಕಾಣಿಸಿಕೊಂಡರೆ, ಅವಳಿ ಇದ್ದರೆ, ಹಿಂದೆ ದಿನ ತುಂಬುವ ಮೊದಲೇ ಹೆರಿಗೆ ಆಗಿದ್ದರೆ ಮಾತ್ರ ಡಾಕ್ಟರನ್ನು ಕೇಳಿಯೇ ಮುಂದುವರಿಸಿ.

ಹೆರಿಗೆಯಾದ ಮೇಲೆ ಒಂದೇ ಕಟ್ಟುನಿಟ್ಟು: ಮೊದಲು ಪಾಪು, ಆಮೇಲೆ ದೊಡ್ಡದು. ಮೊದಲ ಎರಡು ಮೂರು ದಿನ ಬರುವ ಹಳದಿ ಗಿಣ್ಣು ಹಾಲು ಸ್ವಲ್ಪವೇ ಇರುತ್ತದೆ, ಅದು ಪಾಪುವಿಗೇ ಸೇರಬೇಕು. ಅದನ್ನು ಕುಡಿದರೆ ದೊಡ್ಡದಕ್ಕೆ ಮಲ ತೆಳ್ಳಗಾಗಬಹುದು, ಗಾಬರಿಯಾಗಬೇಡಿ. ಪಾಪು ದಿನಕ್ಕೆ 8ರಿಂದ 12 ಸಲ ಕುಡಿಯುತ್ತದೆ. ದೊಡ್ಡದಕ್ಕೆ ಹೊಟ್ಟೆ ತುಂಬಬೇಕಾದದ್ದು ಊಟದಿಂದ, ಹಾಗಾಗಿ ಮೊದಲು ಅಕ್ಕಿ ರೊಟ್ಟಿಗೆ ಬೆಣ್ಣೆ ಹಚ್ಚಿ ತಿನ್ನಿಸಿ, ಆಮೇಲೆ ಹಾಲಿಗೆ ಕರೆಯಿರಿ.

ಈ ಕಟ್ಟುನಿಟ್ಟು ಒಂದು ಕಡೆ ಸಡಿಲ ಮಾಡಬಹುದು. ಮೂರನೇ ನಾಲ್ಕನೇ ದಿನ ಎದೆ ಕಟ್ಟಿಕೊಂಡು ಕಲ್ಲಿನ ಹಾಗಾದಾಗ ಪಾಪುವಿನ ಸಣ್ಣ ಬಾಯಿಗೆ ಹಿಡಿತ ಸಿಗುವುದಿಲ್ಲ. ಆಗ ದೊಡ್ಡದು ನಾಲ್ಕು ಗುಟುಕು ಕುಡಿದರೆ ಎದೆ ಮೆತ್ತಗಾಗುತ್ತದೆ, ತಕ್ಷಣ ಪಾಪುವನ್ನು ಹಾಕಿಕೊಳ್ಳಿ.

ಇಬ್ಬರಿಗೂ ಒಂದೇ ಹೊತ್ತಿಗೆ ಬೇಕಾದರೆ ಗೋಡೆಗೆ ಒರಗಿ ಕೂತು ಪಕ್ಕದಲ್ಲಿ ದಿಂಬು ಇಟ್ಟುಕೊಳ್ಳಿ. ಪಾಪುವನ್ನು ಕಂಕುಳ ಕೆಳಗೆ, ಕಾಲು ನಿಮ್ಮ ಬೆನ್ನಿನ ಕಡೆಗೆ ಬರುವ ಹಾಗೆ ಮಲಗಿಸಿ, ಕುತ್ತಿಗೆಗೆ ನಿಮ್ಮ ಅಂಗೈ ಆಸರೆ ಇರಲಿ. ಅದು ಸರಿಯಾಗಿ ಬಾಯಿ ತೆರೆದು ಹಿಡಿದು, ನುಂಗುವ ಸದ್ದು ಕೇಳಿದ ಮೇಲೇ ದೊಡ್ಡದನ್ನು ಇನ್ನೊಂದು ಪಕ್ಕಕ್ಕೆ ಕರೆಯಿರಿ, ಅದು ಮಂಡಿಯೂರಿ ಕೂತೇ ಕುಡಿಯುತ್ತದೆ. ದೊಡ್ಡದು ಜೋರಾಗಿ ಎಳೆದರೆ ಎರಡೂ ಕಡೆ ಹಾಲು ನುಗ್ಗಿ ಪಾಪು ಕೆಮ್ಮಬಹುದು. ಆಗ ಪಾಪುವನ್ನು ಬಿಡಿಸಿ, ನೆಟ್ಟಗೆ ಎತ್ತಿಕೊಂಡು ಬೆನ್ನು ಸವರಿ ಮತ್ತೆ ಹಾಕಿಕೊಳ್ಳಿ. ಸಿಸೇರಿಯನ್ ಆಗಿದ್ದರೆ ದೊಡ್ಡದು ಮಡಿಲಿಗೆ ಹತ್ತದಂತೆ ನೋಡಿಕೊಳ್ಳಿ, ಪಕ್ಕದಲ್ಲಿ ಮಲಗಿಯೇ ಕುಡಿಯಲಿ.

ಪಾಪುವಿಗೆ ಹಾಲು ಸಾಕಾಗ್ತಿದೆಯಾ ಅನ್ನೋದಕ್ಕೆ ಬಟ್ಟೆ ನೋಡಿ. ಐದನೇ ದಿನದ ನಂತರ ದಿನಕ್ಕೆ 6 ಸಲವಾದರೂ ಉಚ್ಚೆ ಹೊಯ್ಯಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸ್ತೀವಲ್ಲ, ಆ ಬಟ್ಟೆ ಎಣಿಸಿದರೂ ಅಂದಾಜು ಸಿಗುತ್ತದೆ. ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕ ವಾಪಸ್ ಬರಬೇಕು. ಆಶಾ ಕಾರ್ಯಕರ್ತೆ 3, 7, 14ನೇ ದಿನ ಮನೆಗೆ ಬಂದಾಗ ತೂಗಿಸಿ. ತೂಕ ಏರದಿದ್ದರೆ, ಪಾಪು ಮಂಕಾಗಿ ಕುಡಿಯದೆ ಮಲಗಿದರೆ ಕಾಯಬೇಡಿ. ತಾಲ್ಲೂಕು ಆಸ್ಪತ್ರೆಗೋ ಶಿವಮೊಗ್ಗದ ದೊಡ್ಡಾಸ್ಪತ್ರೆ ಮೆಗ್ಗಾನ್‌ಗೋ ಅವತ್ತೇ ಹೊರಡಿ, ಘಾಟಿಯ ಮಳೆಯಲ್ಲಿ ರಾತ್ರಿ ಹೊರಡುವುದು ಎಷ್ಟು ಕಷ್ಟ ಅಂತ ಗೊತ್ತಲ್ವಾ.

ಇನ್ನು ನಿಮ್ಮ ಹೊಟ್ಟೆ. ಬಾಣಂತಿ ಜಾಸ್ತಿ ನೀರು ಕುಡಿಯಬಾರದು ಅನ್ನೋ ಮಾತನ್ನು ದಯವಿಟ್ಟು ಕೇಳಬೇಡಿ, ಬಾಯಾರಿದಾಗೆಲ್ಲ ಕುಡಿಯಿರಿ. ಮೆಣಸಿನ ಸಾರು ಅನ್ನ ಒಳ್ಳೆಯದೇ, ಆದರೆ ಎರಡು ಮಕ್ಕಳಿಗೆ ಕುಡಿಸುವವಳಿಗೆ ಅಷ್ಟೇ ಸಾಲದು. ಬೇಳೆ, ಸೊಪ್ಪು, ಮೊಟ್ಟೆ, ಹಾಲು ಎಲ್ಲ ಬೇಕು. 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಲ್ಲಿ ಬಾಣಂತಿಯರಿಗೆ ಊಟ ಇದೆ. ತೋಟದ ಮನೆಯಿಂದ ದೂರ ಅಂತ ಸುಮ್ಮನಾಗದೆ ಕಾರ್ಯಕರ್ತೆಯನ್ನು ವಿಚಾರಿಸಿ.

ಒಬ್ಬರಿಗೆ ನೆಗಡಿಯಾದರೂ ಇಬ್ಬರಿಗೂ ಕುಡಿಸಬಹುದು. ಬಾಯಲ್ಲಿ ಬಿಳಿ ಅಗ್ರ ಕಟ್ಟಿ, ನಿಮ್ಮ ತೊಟ್ಟೂ ಉರಿಯುತ್ತಿದ್ದರೆ ಮಾತ್ರ ಮೂವರಿಗೂ ಒಟ್ಟಿಗೆ ಔಷಧಿ ಬೇಕು.

ಯಾರೂ ಮುಂಚೆ ಹೇಳದ ಇನ್ನೊಂದು ವಿಷಯ ಇದೆ. ದೊಡ್ಡದು ಚೀಪುವಾಗ ಮೈಯೆಲ್ಲ ಕಿರಿಕಿರಿಯಾಗಿ ದೂರ ತಳ್ಳಬೇಕು ಅನ್ನಿಸಬಹುದು. ಅದು ಪ್ರೀತಿ ಕಡಿಮೆಯಾದದ್ದಲ್ಲ, ಎಷ್ಟೋ ತಾಯಂದಿರಿಗೆ ಆಗುತ್ತದೆ. "ಹತ್ತು ಎಣಿಸ್ತೀನಿ, ಆಮೇಲೆ ಸಾಕು" ಅಂತ ಮೊದಲೇ ಹೇಳಿ, ಎಣಿಸಿ, ನಿಲ್ಲಿಸಿ, ಆದರೆ ಅಪ್ಪಿಕೊಂಡು ಸ್ವಲ್ಪ ಹೊತ್ತು ಮಡಿಲಲ್ಲೇ ಇಟ್ಟುಕೊಳ್ಳಿ. ರಾತ್ರಿ ಅಪ್ಪನೋ ಅಜ್ಜಿಯೋ ಪಕ್ಕದಲ್ಲಿ ಮಲಗಿಸಿಕೊಳ್ಳಲಿ. ಪೂರ್ತಿ ಬಿಡಿಸಬೇಕು ಅನ್ನಿಸಿದರೆ ಹಗಲಿನ ಒಂದು ಹೊತ್ತು ಮೊದಲು ತಪ್ಪಿಸಿ, ಕೆಲವು ದಿನ ಬಿಟ್ಟು ಇನ್ನೊಂದು, ಮಲಗುವ ಹೊತ್ತಿನದು ಕೊನೆಗೆ.